ಕೆಸರಿನ ಟೈರು ತಂದ ವರ್ಷ

ಮೊನ್ನೆ ಬೆಳಿಗ್ಗೆ ಖಾನಾವಳಿಯ ಹಿತ್ತಲಲ್ಲಿ ಕೂತು ಉಳ್ಳಾಗಡ್ಡಿ ಚೀಲ ಬಿಚ್ಚಿದೆ. ಮೇಲಿನವೆಲ್ಲ ಕೆಂಪಗೆ, ಗುಂಡಗೆ, ಬೀಗರೂಟಕ್ಕೆ ಕಳಿಸುವಂತಿದ್ದವು. ಕೈಯನ್ನು ಇನ್ನಷ್ಟು ಒಳಗೆ ತೂರಿಸಿದರೆ ಬೆರಳಿಗೆ ಮೆತ್ತನೆಯದೇನೋ ತಾಗಿ, ಪಿಚ್ಚನೆ ಒಡೆದು, ಲೋಳೆ ಮುಂಗೈವರೆಗೂ ಇಳಿಯಿತು. ಕೊಳೆತ ಉಳ್ಳಾಗಡ್ಡಿಯ ವಾಸನೆ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿ ಅವರ ಊಟ ಯಾಕೆ ಕೆಡಿಸಲಿ? ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ರೊಟ್ಟಿ ಊಟ ಹಾಕುತ್ತ ತಲೆ ಕೂದಲು ಬೆಳ್ಳಗಾಗಿರುವ ನನಗೆ ಅದೇನೂ ಹೊಸದಲ್ಲ. ಆದರೂ ಚೀಲವನ್ನು ಹಾಗೇ ಬಿಟ್ಟು ಎದ್ದೆ. ಸಾಬೂನು ಹಚ್ಚಿ ಕೈ ತೊಳೆದೆ, ಮೂಸಿ ನೋಡಿದೆ, ಮತ್ತೆ ತೊಳೆದೆ. ನನ್ನ ತಮ್ಮ ಕೊಟ್ರೇಶ ತನ್ನ ಪಿಕಪ್ ಗಾಡಿಗೆ ಕೆಸರಿನ ಟೈರು ಹಾಕಿಸಿದ ವರ್ಷ ನೆನಪಿಗೆ ಬಂದಿತ್ತು. ಆ ವರ್ಷವನ್ನು ನೆನೆದರೆ ಅಳು ಬರುವುದಿಲ್ಲ ನನಗೆ, ವಾಕರಿಕೆ ಬರುತ್ತದೆ.

ನಮ್ಮ ತವರು ಹಿರೇಹಡಗಲಿಯಿಂದಾಚೆಗಿನ ಒಂದು ಸಣ್ಣ ಹಳ್ಳಿ. ಕೂಡ್ಲಿಗಿ ಕಡೆಯಂತೆ ಕೆಂಪು ಮಸಾರಿಯಲ್ಲ, ಕಪ್ಪು ಎರೆ ಭೂಮಿ. ಒಣಗಿದರೆ ಕಾಲು ಸಿಕ್ಕಿಕೊಳ್ಳುವಂಥ ಬಿರುಕು, ನೆನೆದರೆ ಹಿಡಿದ ಕಾಲು ಬಿಡದ ಅಂಟು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ನಾನೂ ಕೊಟ್ರೇಶನೂ ಪಾಲು ಮಾಡಿಕೊಳ್ಳದೆ ಕೂಡಿಯೇ ಮಾಡುತ್ತಿದ್ದೆವು. ಹೊಲ ಹಳ್ಳದ ದಡದಲ್ಲಿದೆ. ಅಲ್ಲಿಗಿದ್ದದ್ದು ಒಂದೇ ಬಂಡಿ ದಾರಿ, ಅದೂ ಗಂಗವ್ವನ ಹೊಲದ ಅಂಚಿನಲ್ಲಿ ಹಾದು ಬರುವಂಥದ್ದು. ಗಂಗವ್ವ ನನ್ನ ಜೊತೆ ಶಾಲೆಗೆ ಬಂದವಳು, ನನ್ನ ಸ್ಲೇಟಿನ ಮೇಲೆ ತಾನು ಉಗುಳಿ ಒರೆಸಿದವಳು. ಆ ದಾರಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಅವಳ ಮಾವ ತನ್ನ ಕಾಲದಲ್ಲಿ ನಮ್ಮಪ್ಪನಿಗೆ “ಹಾದುಕೊಂಡು ಹೋಗಪಾ” ಎಂದು ಬಾಯಿಮಾತಿನಲ್ಲಿ ಬಿಟ್ಟ ದಾರಿ. ಅವರು ಬಿಟ್ಟರೆ ಉಂಟು, ಬಿಡದಿದ್ದರೆ ನಮ್ಮ ಹೊಲಕ್ಕೆ ಹಕ್ಕಿಯ ಹಾಗೆ ಹಾರಿಕೊಂಡು ಹೋಗಬೇಕು, ಅಷ್ಟೇ.

ಬಿಟ್ಟ ದಾರಿಗೆ ಒಂದು ಕಟ್ಟಳೆ ಇತ್ತು. ಮಳೆ ಬಿದ್ದ ಕೂಡಲೇ ಗಂಗವ್ವನ ಗಂಡ ಭರಮಪ್ಪ ದಾರಿಯ ಬಾಯಿಗೆ ಒಂದು ಜಾಲಿ ಮುಳ್ಳಿನ ಕೊಂಬೆ ಎಳೆದು ಹಾಕುತ್ತಿದ್ದ. ಮಳೆ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಬರಿಗಾಲಲ್ಲಿ ದಾರಿಯ ಮೇಲೆ ನಡೆದು, ಕಾಲೆತ್ತಿ ಅಂಗಾಲು ನೋಡಿಕೊಳ್ಳುತ್ತಿದ್ದ. ಎರೆ ಮೆತ್ತಿದರೆ ಮುಳ್ಳು ಇದ್ದಲ್ಲೇ ಇರುತ್ತಿತ್ತು. ಮೆತ್ತದಿದ್ದ ದಿನ ತಾನೇ ಮುಳ್ಳು ಸರಿಸುತ್ತಿದ್ದ. ಊರಲ್ಲಿ ಇದಕ್ಕೆ ಕಾಲು ನೋಡುವುದು ಎನ್ನುತ್ತಾರೆ. ಅಲ್ಲಿಯವರೆಗೆ ಯಾರೂ ಗಾಲಿ ಇಳಿಸುವಂತಿಲ್ಲ. ಹಸಿ ಎರೆಯಲ್ಲಿ ಗಾಲಿ ಕೊರೆದ ಗುಂಡಿ ಒಣಗಿ ಕಲ್ಲಾದರೆ ಬೇಸಿಗೆಯವರೆಗೂ ಹಾಗೇ ನಿಲ್ಲುತ್ತದೆ. ಬಂಡಿಯ ಅಚ್ಚು ಮುರಿಯುತ್ತದೆ, ಎತ್ತಿನ ಕಾಲು ಉಳುಕುತ್ತದೆ. ಇದು ನಮ್ಮೂರಿನ ಕೂಸಿಗೂ ಗೊತ್ತಿದ್ದ ವಿಷಯ. ಕೊಟ್ರೇಶನೂ ಅಲ್ಲೇ ಹುಟ್ಟಿದವನು.

ಆ ವರ್ಷ ಅವನು ದಾವಣಗೆರೆಯಿಂದ ಹಳೆಯ ಪಿಕಪ್ ಒಂದನ್ನು ತಂದ. ನಾಲ್ಕೂ ಗಾಲಿ ಎಳೆಯುವಂಥ ಗಾಡಿ. ಹಡಗಲಿಯ ತೋಟಗಳಿಂದ ಮಲ್ಲಿಗೆ ಹೂವು, ಸುತ್ತಿನ ಊರುಗಳಿಂದ ಉಳ್ಳಾಗಡ್ಡಿ, ಮೆಕ್ಕೆಜೋಳ ಹೇರಿಕೊಂಡು ಕೊಟ್ಟೂರು, ಹರಪನಹಳ್ಳಿ ಕಡೆ ಬಾಡಿಗೆ ಹೊಡೆಯುವುದು ಅವನ ಲೆಕ್ಕ. ಗಾಡಿ ಗಟ್ಟಿಯಾಗಿಯೇ ಇತ್ತು, ಟೈರು ಮಾತ್ರ ಬೋಳು. ಹೊಸವು ಬೇಕೇ ಬೇಕಿದ್ದವು. ಯಾವುವು ಎಂಬ ಪ್ರಶ್ನೆ ನಮ್ಮ ಮನೆಯ ಆ ಮುಂಗಾರನ್ನೆಲ್ಲ ತಿಂದು ಹಾಕಿತು.

ಟೈರಿನಲ್ಲಿ ಎರಡು ಜಾತಿ ಇವೆಯೆಂದು ನನಗೆ ಗೊತ್ತಾದದ್ದೇ ಆಗ. ಒಂದು ಆಲ್ ಟೆರೇನ್ ಅಂತೆ: ಡಾಂಬರು, ಕಲ್ಲು, ಮಣ್ಣು ಎಲ್ಲದಕ್ಕೂ ಸೈ, ಹಲ್ಲು ಸಣ್ಣವು, ಒತ್ತೊತ್ತಾಗಿರುತ್ತವೆ. ಇನ್ನೊಂದು ಮಡ್ ಟೆರೇನ್, ಕೆಸರಿಗೆಂದೇ ಮಾಡಿದ್ದು: ಹಲ್ಲು ದಪ್ಪ, ನಡುವೆ ಬೆರಳು ಹೋಗುವಷ್ಟು ಸಂದು, ಕೆಸರನ್ನು ಅಗೆದು ಹಿಂದಕ್ಕೆ ಎಸೆಯುತ್ತದೆ, ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಗುಂಯ್ ಎಂದು ಅರಚುತ್ತದೆ. ಇಷ್ಟನ್ನು ನಾನು ರೊಟ್ಟಿ ತಟ್ಟುತ್ತಲೇ ಕಲಿತೆ. ಕೊಟ್ಟೂರಿಗೆ ಬಾಡಿಗೆ ಬಂದಾಗಲೆಲ್ಲ ಕೊಟ್ರೇಶ ನನ್ನ ಖಾನಾವಳಿಯಲ್ಲೇ ಉಣ್ಣುತ್ತಿದ್ದ. ಉಣ್ಣುವಾಗ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ಯಾವುದೋ ದೇಶದ ಗಡ್ಡದವರು ಗಾಡಿಗಳನ್ನು ಕೆಸರಲ್ಲಿ ಹೊರಳಾಡಿಸುವುದನ್ನು ನೋಡುತ್ತಿದ್ದ. ಪಲ್ಯದ ಎಣ್ಣೆ ಮೆತ್ತಿದ ಬೆರಳಲ್ಲೇ ಪರದೆ ಉಜ್ಜುತ್ತಿದ್ದ. ಉಜ್ಜಿದ ಬೆರಳನ್ನೇ ಮತ್ತೆ ನೆಕ್ಕುತ್ತಿದ್ದ. ನನ್ನ ಗಿರಾಕಿಗಳ ಮುಂದೆ ಇದನ್ನೆಲ್ಲ ನೋಡಬೇಕಾಗಿ ಬಂತಲ್ಲ ಎಂದು ಮೈ ಉರಿಯುತ್ತಿತ್ತು.

“ಅಕ್ಕ, ನೋಡಿಲ್ಲಿ, ಎಂಥಾ ಹಿಡಿತ ಐತಿ ನೋಡು!”

“ಹಿಡಿತ ತಗೊಂಡು ಏನ್ ಮಾಡ್ತಿ? ನೀ ದಿನಾ ಓಡಾಡೋದು ಡಾಂಬರಿನ ಮ್ಯಾಲ. ಎಲ್ಲಾದಕ್ಕೂ ಆಗೋದು ಹಾಕಿಸಿ ಸುಮ್ನಾಗು.”

“ಅದು ಸಾಲಿ ಮಾಸ್ತರ ಟೈರು ಅಕ್ಕ. ಗಾಡಿಗೆ ಒಂದು ಖದರ್ ಬ್ಯಾಡೇನು?”

ಖದರ್ ಎಂಬ ಮಾತನ್ನು ನಾನು ಆ ಮಳೆಗಾಲದಲ್ಲಿ ಕೇಳಿದಷ್ಟು ಮತ್ತೆಂದೂ ಕೇಳಿಲ್ಲ. ಚಹಾದಂಗಡಿ, ಮದುವೆ ಮನೆ, ಕೊನೆಗೆ ನಮ್ಮ ದೊಡ್ಡಪ್ಪನ ಮಣ್ಣಿಗೆ ಹೋದಲ್ಲಿಯೂ ಅವನ ಗೆಳೆಯರು ಟೈರಿನದೇ ಮಾತಾಡಿದರು. ಕುಣಿಯ ಪಕ್ಕದ ಹಸಿ ಮಣ್ಣನ್ನು ಬೂಟಿನ ತುದಿಯಿಂದ ಒತ್ತಿ ನೋಡಿ, ಇಂಥದ್ದರಲ್ಲಿ ಯಾವ ಟೈರು ಎಷ್ಟು ಹೂತುಹೋಗುತ್ತದೆ ಎಂದು ಒಬ್ಬ ಇನ್ನೊಬ್ಬನಿಗೆ ತಿಳಿಹೇಳುತ್ತಿದ್ದ. ಥೂ ಎಂದು ಎದ್ದು ಬಂದೆ.

ಟೈರು ತರಲು ಹಗರಿಬೊಮ್ಮನಹಳ್ಳಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯ ಗೌಸಣ್ಣ ನಮಗೆ ಹಳಬರು, ಅಪ್ಪನ ಟ್ರ್ಯಾಕ್ಟರಿಗೂ ಅವರೇ ಟೈರು ಕೊಟ್ಟವರು. ಮಾತು ಬಲ್ಲ ವ್ಯಾಪಾರಿ. ಚಹಾ ತರಿಸಿ, ಎರಡೂ ಟೈರನ್ನು ಅಕ್ಕಪಕ್ಕ ನಿಲ್ಲಿಸಿ ಕೇಳಿದರು.

“ತಮ್ಮಾ, ವರ್ಷದಾಗ ಕೆಸರಾಗ ಎಷ್ಟು ದಿನ ಓಡಿಸ್ತಿ?”

“ವರ್ಷಪೂರ್ತಿ,” ಎಂದ ಕೊಟ್ರೇಶ.

ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡಿಸುವ ಸೀಮೆಯಲ್ಲಿ ವರ್ಷಪೂರ್ತಿ ಕೆಸರಂತೆ! ಗೌಸಣ್ಣ ಹೊಟ್ಟೆ ಕುಣಿಸಿ ನಕ್ಕರು. ನಾನು ನಗಲಿಲ್ಲ.

“ನೋಡ್ರಿ ಅಕ್ಕಾರ, ನಾ ಮಾರೋವ. ಇದೂ ನಂದ, ಅದೂ ನಂದ,” ಎಂದರು ನನ್ನ ಕಡೆ ತಿರುಗಿ. “ನಿಮ್ಮ ತಮ್ಮನ ಮನಸ್ಸು ಆಗಲೇ ದೊಡ್ಡ ಹಲ್ಲಿನ ಮ್ಯಾಲ ಹೋಗ್ಯದ. ನಾ ಏನರ ಅಂದ್ರ ಹರಪನಹಳ್ಳಿಗೆ ಹೋಗಿ ಹಾಕಿಸ್ತಾನ.”

ಅದೂ ನಿಜವೇ. ದೊಡ್ಡ ಹಲ್ಲಿನವೇ ಗಾಡಿಗೆ ಏರಿದವು. ಹೊಸ ರಬ್ಬರಿನ ನಾತಕ್ಕೆ ನನಗೆ ತಲೆ ಸುತ್ತುತ್ತಿತ್ತು. ಕೊಟ್ರೇಶ ಮೂಗರಳಿಸಿ ಅದನ್ನೇ ಎಳೆದುಕೊಳ್ಳುತ್ತಿದ್ದ. ತಿರುಗಿ ಬರುವಾಗ ದಾರಿಯುದ್ದಕ್ಕೂ ಆ ಗುಂಯ್ ಸದ್ದು. ಒಳಗೆ ಕೂತು ಮಾತಾಡಬೇಕೆಂದರೆ ಕಿರುಚಬೇಕಿತ್ತು. ನನ್ನ ಹಲ್ಲುಗಳೆಲ್ಲ ಅಲುಗಾಡಿದಂತಾಗಿ, ಇವನ ಗಾಡಿಯಲ್ಲಿ ಇನ್ನು ಕೂರುವುದಿಲ್ಲವೆಂದು ಆಣೆ ಹಾಕಿಕೊಂಡೆ.

ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಖಾನಾವಳಿಗೆ ಬೀಗ ಹಾಕಿ ನಾನು ಊರಿಗೆ ಹೋದೆ. ಬೆಳೆ ಆ ವರ್ಷ ಚೆನ್ನಾಗಿ ಬಂದಿತ್ತು. ಕಿತ್ತು, ಸೊಪ್ಪು ಕೊಯ್ದು, ನಮ್ಮದನ್ನು ಹೊಲದ ಎತ್ತರದ ಕಡೆ ಒಟ್ಟಿ ತಾಡಪತ್ರಿ ಹೊದಿಸಿದೆವು. ಗಂಗವ್ವ ತನ್ನದನ್ನು ದಾರಿಯ ತಗ್ಗಿನ ತುದಿಯಲ್ಲಿ ಒಟ್ಟಿದ್ದಳು, ಬಂಡಿಗೆ ಹೇರಲು ಸಲೀಸಾಗಲಿ ಎಂದು. ಅವಳದೂ ಒಳ್ಳೆಯ ರಾಶಿಯೇ. ಮಧ್ಯಾಹ್ನ ಬುತ್ತಿ ಬಿಚ್ಚಿ ಇಬ್ಬರೂ ಅದೇ ರಾಶಿಗೆ ಒರಗಿ ಕೂತು, ಅವಳ ಮಗಳ ನರ್ಸಿಂಗ್ ಓದಿನ ಬಗ್ಗೆ, ನನ್ನ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದೆವು. ಅದರ ಬೆನ್ನಿಗೇ ಉತ್ತರಿ ಮಳೆ ಒಂದು ರಾತ್ರಿ ಹೊಡೆದು ಹೋಯಿತು. ಎರಡು ರಾಶಿಗಳಿಗೂ ಏನೂ ಆಗಲಿಲ್ಲ. ತಾಡಪತ್ರಿಯ ಮೇಲಿಂದ ನೀರು ಜಾರಿ, ಅಂಚಿನ ಬಸಿಗಾಲುವೆಯಲ್ಲಿ ಹರಿದು ಹಳ್ಳ ಸೇರಿತು. ಭರಮಪ್ಪ ದಾರಿಗೆ ಮುಳ್ಳು ಎಳೆದ.

ಕಾಯಬೇಕಿತ್ತು, ಅಷ್ಟೇ. ಬಿಸಿಲು ಬಿದ್ದಿತ್ತು, ದಾರಿ ಆರುತ್ತಿತ್ತು, ಊರೆಲ್ಲ ಕಾಯುತ್ತಿತ್ತು. ಮರುದಿನ ಬೆಳಿಗ್ಗೆ ನಾನೂ ಗಂಗವ್ವನೂ ದಾರಿಯ ಬಾಯಲ್ಲಿ ನಿಂತಿದ್ದಾಗ ಗುಂಯ್ ಎನ್ನುತ್ತ ಕೊಟ್ರೇಶನ ಗಾಡಿ ಬಂತು. ಹಿಂದೆ ಅವನ ಗೆಳೆಯರು ಮೂರ್ನಾಲ್ಕು ಮಂದಿ, ಕೈಯಲ್ಲಿ ಫೋನು.

“ಏ ಕೊಟ್ರಾ, ಎಲ್ಲಿಗೆ? ಭರಮಪ್ಪ ಇನ್ನೂ ಕಾಲು ನೋಡಿಲ್ಲ,” ಎಂದೆ.

“ಕಾಲು ನೋಡೋದು ಎತ್ತಿನ ಬಂಡಿಗೆ ಅಕ್ಕ! ಇದಕ್ಕ ಏನೂ ಆಗಂಗಿಲ್ಲ. ಮುಳ್ಳೂ ಚುಚ್ಚಂಗಿಲ್ಲ.”

“ಗಾಡಿಗೆ ಆಗಂಗಿಲ್ಲಪಾ,” ಎಂದಳು ಗಂಗವ್ವ ಮೆಲ್ಲಗೆ. “ದಾರಿಗೆ ಆಕೈತಿ.”

“ಒಂದ ಟ್ರಿಪ್ ಗಂಗಕ್ಕ, ಹೋದೆ ಬಂದೆ.”

ನಾನು ಗಾಡಿಯ ಕಿಟಕಿಯ ಅಂಚು ಹಿಡಿದು ಅವನ ತೋಳಿಗೆ ಒಂದು ಗುದ್ದಿದೆ. ಹಿಂದಿನಿಂದ ಒಬ್ಬ “ಅಕ್ಕಾರ, ವಿಡಿಯೋದಾಗ ಬರ್ತೀರಿ, ಸರೀರಿ” ಎಂದ. ಗಾಡಿ ಮುಂದಕ್ಕೆ ಹೋಯಿತು. ಜಾಲಿ ಕೊಂಬೆ ಪಟಪಟ ಮುರಿದು ಗಾಲಿಯ ಕೆಳಗೆ ಹುಡಿಯಾಯಿತು.

ಟೈರು ಸೋತು ಗಾಡಿ ಅಲ್ಲೇ ಹೂತುಹೋಗಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ಹೂತುಹೋಗಲಿಲ್ಲ. ಕೆಸರಿಗೆಂದು ಮಾಡಿದ ಟೈರು ತನ್ನ ಕೆಲಸವನ್ನು ಚೊಕ್ಕಟವಾಗಿ ಮಾಡಿತು. ಮೇಲಿನ ಒಣ ಪದರು ಹರಿದು, ಅಡಿಯ ಹಸಿ ಎರೆಯನ್ನು ಅಗೆದಗೆದು ಎತ್ತಿ ಎಸೆಯಿತು. ಕಪ್ಪು ಹೆಂಟೆಗಳು ಗಂಗವ್ವನ ತಾಡಪತ್ರಿಯ ಮೇಲೆ, ನಮ್ಮ ಸೀರೆಗಳ ಮೇಲೆ ಬಿದ್ದವು. ಹುಡುಗರು ಶಿಳ್ಳೆ ಹೊಡೆದರು. ಹೋಗುವಾಗ ಖಾಲಿ ಗಾಡಿ. ಬರುವಾಗ ಉಳ್ಳಾಗಡ್ಡಿ ಹೇರಿಕೊಂಡು ಇನ್ನೂ ಆಳಕ್ಕೆ ಕೊರೆಯಿತು. ಒಂದು ಟ್ರಿಪ್ಪಿಗೆ ಮುಗಿಯಲೂ ಇಲ್ಲ. ವಿಡಿಯೋ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಹೋದರು. ಮುಗಿದಾಗ ದಾರಿಯಿದ್ದಲ್ಲಿ ಮೊಣಕಾಲುದ್ದದ ಎರಡು ಕಾಲುವೆಗಳಿದ್ದವು, ಮೇಲಿನಿಂದ ತಗ್ಗಿನವರೆಗೆ ನೆಟ್ಟಗೆ. ಬಸಿಗಾಲುವೆಯ ಬಾಯಿ ಎಸೆದ ಮಣ್ಣಿನಿಂದ ಮುಚ್ಚಿಹೋಗಿತ್ತು. ಭರಮಪ್ಪ ಬಂದ, ನೋಡಿದ, ಸಲಿಕೆ ತರಲು ಮನೆಗೆ ಹೋದ.

ಅವನು ಎಷ್ಟು ಸಲಿಕೆ ಹಾಕಿದರೂ ಒಬ್ಬನ ಕೈಗೆ ಆಗುವ ಕೆಲಸವಾಗಿರಲಿಲ್ಲ. ಮರುದಿನ ಸಂಜೆಯಿಂದ ಹಸ್ತಿ ಮಳೆ ಹಿಡಿಯಿತು, ಬಿಡದೆ ಹಿಡಿಯಿತು. ಮೇಲಿನ ಹೊಲಗಳ ನೀರೆಲ್ಲ ಆ ಎರಡು ಗಾಲಿ ಕಾಲುವೆಗಳಲ್ಲಿ ಇಳಿದು ನೇರವಾಗಿ ಗಂಗವ್ವನ ರಾಶಿಯ ಬುಡಕ್ಕೆ ಹೋಗಿ ನಿಂತಿತು. ಮೇಲೆ ತಾಡಪತ್ರಿ ಇತ್ತು; ಅಡಿಯಿಂದ ಬರುವ ನೀರಿಗೆ ತಾಡಪತ್ರಿ ಏನು ಮಾಡುತ್ತದೆ? ಬಂಡಿ ಹೂಡೋಣವೆಂದರೆ ಎತ್ತುಗಳು ಆ ಗುಂಡಿಯಲ್ಲಿ ಕಾಲಿಡಲೊಲ್ಲವು. ಮಳೆ ನಿಂತು ಬಿಸಿಲು ಬಿದ್ದಾಗ ರಾಶಿಯಿಂದ ಹಬೆ ಏಳತೊಡಗಿತು. ವಾಸನೆ ಊರೊಳಗಿನ ನಮ್ಮ ಪಡಸಾಲೆಗೂ ಬಂತು.

ಅಂದು ಗಂಗವ್ವ ನಮ್ಮ ಮನೆಗೆ ಬಂದಳು. ಕೊಟ್ರೇಶ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಟೈರಿನ ಸಂದಿನ ಎರೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದ. ಪಕ್ಕದಲ್ಲಿ ಪಾಲಿಶ್ ಡಬ್ಬಿ.

“ಕೊಟ್ರೇಶಿ, ಕೊಳೆತದ್ದು ತಗದು ಹೊರಗ ಹಾಕಬೇಕು, ಇಲ್ಲಂದ್ರ ಉಳಿದದ್ದೂ ಹೋಕೈತಿ. ಬಂಡಿ ಬರಂಗಿಲ್ಲ ಅಲ್ಲಿ. ನಿನ್ನ ಗಾಡಿ ಬರತೈತಲ್ಲ, ಒಂದೆರಡು ಸರ್ತಿ ಹೇರಿ ಒಯ್ದು ಹಾಕು,” ಎಂದಳು. ಬೈಯಲಿಲ್ಲ. ಬೈಯುವ ದನಿಯೂ ಅಲ್ಲ ಅದು.

ಕೊಟ್ರೇಶ ಬ್ರಷ್ಷು ನಿಲ್ಲಿಸಿದ. “ಗಂಗಕ್ಕ, ಅದರ ವಾಸನಿ ಒಂದ ಸರ್ತಿ ಹಿಡೀತು ಅಂದ್ರ ಹೋಗಂಗಿಲ್ಲ. ನಾಳಿ ಮಲ್ಲಿಗಿ ಹೇರಬೇಕು ನಾನು. ಹೂವಿನೋರು ಹತ್ರ ಸೇರಸಂಗಿಲ್ಲ.”

“ಹಂಗೇನು,” ಎಂದಳು ಗಂಗವ್ವ. ಸೆರಗು ಸರಿ ಮಾಡಿಕೊಂಡು ಹೊರಟುಹೋದಳು. ಅವಳು ಬಾಗಿಲು ದಾಟುವ ಮೊದಲೇ ಇವನು ಮತ್ತೆ ಬ್ರಷ್ಷು ಎತ್ತಿಕೊಂಡ.

ನನ್ನ ಒಡಹುಟ್ಟಿದವನು ಅವನು, ನಾನೇ ಎತ್ತಿ ಆಡಿಸಿದವನು. ಆ ಗಳಿಗೆಯಲ್ಲಿ ಅವನ ಮುಖದ ಮೇಲೆ ಉಗುಳಬೇಕೆನಿಸಿತು. ಕೆಸರಿಗೆ ಹೆದರದ ಗಂಡು, ನಾಲ್ಕು ಕೊಳೆತ ಗಡ್ಡೆಗೆ ಹೆದರಿ ಮಲ್ಲಿಗೆಯ ಹೆಸರು ಹೇಳುತ್ತಾನೆ! ಪಾಲಿಶ್ ಡಬ್ಬಿಯನ್ನು ಕಾಲಿಂದ ಒದ್ದೆ. ಅದು ಉರುಳಿ ಚರಂಡಿಗೆ ಬಿತ್ತು. “ಅಕ್ಕಾ!” ಎಂದು ಅವನು ಕಿರುಚಿದ್ದು ಅದಕ್ಕೆ.

ಬುಟ್ಟಿ ತೆಗೆದುಕೊಂಡು ನಾನು ಗಂಗವ್ವನ ಹೊಲಕ್ಕೆ ಹೋದೆ. ತಾಡಪತ್ರಿ ತೆಗೆದಾಗ ಎದ್ದ ಹಬೆಗೆ ಕಣ್ಣು ಉರಿದು ನೀರಿಳಿಯಿತು. ಮೇಲಿನ ಎರಡು ಪದರು ಗಟ್ಟಿ, ಅದರ ಕೆಳಗೆ ಬರೀ ಗಂಜಿ. ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತಿತ್ತು, ಒಳಗೆ ಬಿಸಿ, ಹುಳ ಬೆರಳ ಸಂದಿನಲ್ಲಿ ಹರಿದಾಡುತ್ತಿತ್ತು. ನಾನು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡಿದ್ದೆ.

“ಮೂಗು ಹಿಡ್ಕೊಂಡು ಕುಂತ್ರ ಆರಸೋದು ಯಾವ ಕೈಲೇ?” ಎಂದಳು ಗಂಗವ್ವ.

ಮೂಗು ಬಿಟ್ಟೆ. ಇಬ್ಬರೂ ಗಟ್ಟಿಯಿದ್ದವನ್ನು ಒಂದು ಕಡೆ ಎತ್ತಿಡುತ್ತ, ಉಳಿದದ್ದನ್ನು ಬುಟ್ಟಿಯಲ್ಲಿ ಹೊತ್ತು ಹಳ್ಳದ ಆಚೆ ಸುರಿದು ಬರುತ್ತ ಇದ್ದೆವು. ಬುಟ್ಟಿಯ ಸಂದಿನಿಂದ ರಸ ಸೋರಿ ಹೆಗಲು, ಬೆನ್ನು ಎಲ್ಲ ಅಂಟಾಯಿತು. ಆಮೇಲೆ ಗಂಗವ್ವ ಕೈಯೊಳಗಿನ ಗಡ್ಡೆಯನ್ನು ನೋಡುತ್ತಲೇ ಹೇಳಿದಳು.

“ಶಾಂತಾ, ನಮ್ಮ ಮನಿಯವರು ದಾರಿ ಹರಗತೀನಿ ಅಂತಾರ. ಹದಕ್ಕ ಬಂದ ಕೂಡ್ಲೆ ಮೊದಲ ನೇಗಿಲು ಅದಕ್ಕ ಅಂತ.”

“ನೀ ಏನಂದಿ?” ಎಂದೆ.

“ನಾ ಏನನ್ನಲಿ? ಬ್ಯಾಡ ಅನ್ನಾಕ ನನ್ನ ಬಾಯಾಗ ಏನೂ ಉಳದಿಲ್ಲ. ನಿನ್ನ ಬಾಯಾಗ ಐತೇನು? ಇದ್ರ ಹೇಳು, ಹೋಗಿ ಹೇಳತೀನಿ.”

ನನ್ನ ಬಾಯಲ್ಲೂ ಇರಲಿಲ್ಲ. ನಮ್ಮ ಹೊಲಕ್ಕೆ ಬೇರೆ ದಾರಿಯಿಲ್ಲವೆಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ನನಗೆ ಗೊತ್ತು. ಮತ್ತೊಂದು ಗಡ್ಡೆ ಎತ್ತಿಕೊಂಡೆ. ಮೇಲೆ ಗಟ್ಟಿಯಾಗಿದ್ದದ್ದು ಒತ್ತಿದರೆ ಒಳಗೆ ಕೊಳೆತಿತ್ತು, ಬುಟ್ಟಿಗೆ ಹಾಕಿದೆ.

ಭರಮಪ್ಪ ಹೇಳಿದಂತೆಯೇ ಮಾಡಿದ. ಜಗಳವಿಲ್ಲ, ಪಂಚಾಯ್ತಿಯಿಲ್ಲ. ಹದ ಬಂದ ದಿನ ಎತ್ತು ಹೂಡಿಕೊಂಡು ಬಂದು, ಅವರಪ್ಪ ಬಿಟ್ಟ ದಾರಿಯನ್ನು ತನ್ನ ಹೊಲಕ್ಕೆ ಸೇರಿಸಿ ಹರಗಿದ. ಗಾಲಿ ಕೊರೆದ ಗುಂಡಿಗಳು ಮುಚ್ಚಿ ಸಮವಾದವು. ಹಿಂಗಾರಿ ಜೋಳ ಬಿತ್ತುವಾಗ ಅಂಚಿನವರೆಗೂ ಬಿತ್ತಿದ. ನಮ್ಮ ಬಿತ್ತನೆಗೆ ಬೀಜ, ಗೊಬ್ಬರ ಎಲ್ಲವನ್ನೂ ಆಳುಗಳು ಬದುವಿನ ಮೇಲೆ ನಡೆದು, ತಲೆಯ ಮೇಲೆ ಹೊತ್ತು ಸಾಗಿಸಿದರು. ಗಂಗವ್ವ ನನ್ನನ್ನು ನೋಡಿದರೆ ಮಾತಾಡಿಸುತ್ತಿದ್ದಳು. ಮೊಣಕಾಲು ಹೆಂಗೈತಿ ಎಂದು ಕೇಳುತ್ತಿದ್ದಳು. ಮಧ್ಯಾಹ್ನ ಬುತ್ತಿಗೆ ಕರೆಯುತ್ತಿರಲಿಲ್ಲ.

ಇಷ್ಟಾದ ಮೇಲೆ ಕೊಟ್ರೇಶನಿಗೆ ಬುದ್ಧಿ ಬಂತು ಎನ್ನಬೇಕೋ ಏನೋ. ಡಾಂಬರಿನ ಮೇಲಿನ ಟೈರಿನ ಸದ್ದಿಗೆ ಗಿರಾಕಿಗಳು ಬೈದರಂತೆ, ಕೂಡ್ಲಿಗಿ ಘಾಟಿಯ ಬಳಿ ಮಳೆಯಲ್ಲಿ ಬ್ರೇಕು ಹಾಕಿದರೆ ಗಾಡಿ ಜಾರಿತಂತೆ, ವಿಡಿಯೋ ನೋಡಿದವರೂ ಮರೆತರಂತೆ. ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋಗಿ ದೊಡ್ಡ ಹಲ್ಲಿನವನ್ನು ಕಳಚಿಸಿ, ನಾನು ಮೊದಲೇ ಹೇಳಿದ್ದ ಎಲ್ಲದಕ್ಕೂ ಆಗುವವನ್ನು ಹಾಕಿಸಿಕೊಂಡು ಬಂದ. ಗಾಡಿಯನ್ನು ನೇರವಾಗಿ ಗಂಗವ್ವನ ಹೊಲದ ಹತ್ತಿರ ಒಯ್ದು ನಿಲ್ಲಿಸಿದ. ನಾನು ಬದುವಿನ ಮೇಲೆ ಕೂತಿದ್ದೆ. ಭರಮಪ್ಪ ಕಳೆ ತೆಗೆಯುತ್ತಿದ್ದವನು ಎದ್ದು ಬಂದ.

“ಮಾವ, ಟೈರು ಬದಲು ಮಾಡೀನಿ ನೋಡು,” ಎಂದ ಕೊಟ್ರೇಶ. ಪಾಟಿಯ ಮೇಲೆ ಅ ಆ ಇ ಬರೆದು ತೋರಿಸುವ ಕೂಸಿನ ದನಿ. “ಇವು ನೆಲ ಅಗಿಯಂಗಿಲ್ಲ. ಹಲ್ಲು ಸಣ್ಣವು. ಇನ್ನ ನೀ ಕಾಲು ನೋಡಿ ಹೂಂ ಅಂದ ಮ್ಯಾಲನ ಇಳಿಸ್ತೀನಿ, ಖರೇನ.”

ಭರಮಪ್ಪ ಗಾಲಿಯ ಮುಂದೆ ಕುಕ್ಕರಿಸಿದ. ಹೆಬ್ಬೆರಳಿನಿಂದ ರಬ್ಬರು ಒತ್ತಿ ನೋಡಿದ. ಸಣ್ಣ ಹಲ್ಲುಗಳ ಮೇಲೆ ಅಂಗೈ ಆಡಿಸಿದ. ಪೇಟೆಯಲ್ಲಿ ಎತ್ತು ನೋಡುವಷ್ಟೇ ಸಾವಧಾನವಾಗಿ ಎಲ್ಲವನ್ನೂ ನೋಡಿದ.

“ಛಲೋ ಅದಾವಪಾ,” ಎಂದ ಎದ್ದು ನಿಂತು. “ಭಾಳ ಛಲೋ ಅದಾವು.”

ಕೊಟ್ರೇಶನ ಮುಖ ಅರಳಿತು. ಭರಮಪ್ಪ ಕೈಯ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು, ದಾರಿಯಿದ್ದ ಜಾಗದಲ್ಲಿ ಎದ್ದು ನಿಂತಿದ್ದ ಗೇಣುದ್ದದ ಜೋಳದ ಸಾಲಿನೊಳಗೆ ಪೈರು ತುಳಿಯದಂತೆ ಕಾಲಿಟ್ಟು, ಬಿಟ್ಟಿದ್ದ ಕಳೆಯ ಕಡೆಗೆ ಹೋದ.